ಕೆಂಪು ದೀಪದ ಮೇಲೆ ಕರಿ ಟೇಪು

ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ ಮರುವರ್ಷ ನಡೆದದ್ದು ಇದು. ಆ ಹೊತ್ತಿಗೆ ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತಾರು ವರ್ಷ ತುಂಬಿತ್ತು. ನನಗೆ ಸರ್ಕಾರಿ ಹುದ್ದೆ ಇರಲಿಲ್ಲ. ಆದರೆ ಪೊಲೀಸರ ಪಾಲಿಗೆ ನಾನೊಂದು ಹುದ್ದೆಯೇ ಆಗಿದ್ದೆ. ಅಪಘಾತವಾದರೆ, ಕೆರೆಯಲ್ಲಿ ಹೆಣ ತೇಲಿದರೆ, ಕಳ್ಳಮಾಲು ಸಿಕ್ಕರೆ ಫೋನು ಬರುತ್ತಿದ್ದುದು ನನಗೆ. ಸಣ್ಣ ಊರುಗಳಲ್ಲಿ ಇದು ಹಳೆಯ ಪದ್ಧತಿ. ಠಾಣೆಗೆ ತನ್ನದೇ ಫೋಟೋಗ್ರಾಫರ್ ಇರುವುದಿಲ್ಲ. ಊರಿನ ಸ್ಟುಡಿಯೋದವನೇ ಠಾಣೆಯ ಕಣ್ಣು.

ನಾನು ಓದಿದ್ದು ಎಂಟನೇ ಕ್ಲಾಸು. ಹಿರೇನಲ್ಲೂರು ಕಡೆಯ ಹಳ್ಳಿಯವನು. ಗಣಿತದ ಮೇಷ್ಟ್ರು ನನ್ನನ್ನು ಬಿಟ್ಟರೋ ನಾನು ಅವರನ್ನು ಬಿಟ್ಟೆನೋ, ಅಂತೂ ಶಾಲೆ ಮುಗಿಯಿತು. ಬೀರೂರು ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಏಳು ವರ್ಷ ನೆಗೆಟಿವ್ ತೊಳೆದು ಕೆಲಸ ಕಲಿತೆ. ಇದನ್ನು ನಾಚಿಕೆಯಿಂದ ಬರೆಯುತ್ತಿಲ್ಲ. ಪದವಿ ಪಡೆದು ಯೂನಿಫಾರಂ ತೊಟ್ಟವರ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಎಂಟನೇ ಕ್ಲಾಸಿನ ಮೇಲೆ ನನಗೆ ಗೌರವ ಹೆಚ್ಚಿದೆ.

ಪೊಲೀಸರಿಗೆ ಫೋಟೋ ಎಂದರೆ ಎಷ್ಟು ಆಸೆ ಎಂಬುದನ್ನು ಮೊದಲು ಹೇಳಬೇಕು. ಕಳ್ಳಮಾಲು ಹಿಡಿದ ಮೇಲೆ ‘ಪ್ರೆಸ್ ಫೋಟೋ’ ಎಂದು ಒಂದು ತೆಗೆಸುತ್ತಾರೆ. ಮುಂದೆ ಟೇಬಲ್ಲು, ಅದರ ಮೇಲೆ ಮಾಲು, ಕುರ್ಚಿಯಲ್ಲಿ ಸಾಹೇಬರು, ಅಕ್ಕಪಕ್ಕದಲ್ಲಿ ಸಿಬ್ಬಂದಿ, ಹಿಂದೆ ಮುಖಕ್ಕೆ ಬಟ್ಟೆ ಕಟ್ಟಿದ ಆರೋಪಿಗಳು. ಮದುವೆ ಮಂಟಪದಲ್ಲಿ ಬೀಗರು ಕೂಡ ಫೋಟೋಕ್ಕೆ ಇಷ್ಟು ತಕರಾರು ಮಾಡುವುದಿಲ್ಲ. ‘ನನ್ನ ನೇಮ್ ಪ್ಲೇಟ್ ಬಂತಾ’, ‘ಹೊಟ್ಟೆ ಕಾಣುತ್ತಾ’, ‘ಇನ್ನೊಂದು ತೆಗಿ’. ಮೂರು ಬೈಕ್ ಕಳ್ಳರ ಅಕ್ಕಪಕ್ಕ ನಿಲ್ಲಲು ಒಂಬತ್ತು ಪೊಲೀಸರು ನೂಕಾಡಿದ್ದನ್ನು ನಾನೇ ಕಂಡಿದ್ದೇನೆ. ಆ ಕಳ್ಳರನ್ನು ಹಿಡಿದವರು ಊರಿನ ಜನ. ಫೋಟೋದಲ್ಲಿ ಅವರು ಯಾರೂ ಇಲ್ಲ.

ಆಗ ನಮ್ಮ ಕಡೆಯ ಒಂದು ಠಾಣೆಗೆ ಹೊಸದಾಗಿ ಬಂದಿದ್ದ ಪಿಎಸ್‌ಐ, ಅಂದರೆ ಸಬ್ ಇನ್‌ಸ್ಪೆಕ್ಟರು, ಈ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದ್ದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಅವರ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಬಾಚಣಿಗೆ ಇರುತ್ತಿತ್ತು. ನನ್ನ ಹೆಸರು ಕಲ್ಲೇಶಪ್ಪ ಎಂದು ಅವರು ಒಮ್ಮೆಯೂ ಕೇಳಿ ತಿಳಿಯಲಿಲ್ಲ. ‘ಏಯ್ ಸ್ಟುಡಿಯೋ’ ಎಂದೇ ಕರೆಯುತ್ತಿದ್ದರು. ಅವರಿಗೆ ವಯಸ್ಸು ಮೂವತ್ತು, ನನಗೆ ಐವತ್ತೆರಡು.

ಹೊಸ ಕಾನೂನಿನಲ್ಲಿ ಒಂದು ನಿಯಮವಿದೆ. ಪೊಲೀಸರು ಎಲ್ಲಾದರೂ ಶೋಧ ನಡೆಸಿ ಮಾಲು ವಶಪಡಿಸಿಕೊಂಡರೆ ಅದೆಲ್ಲವನ್ನೂ ವಿಡಿಯೋ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದಕ್ಕಾಗಿ ನಮ್ಮಂಥ ಸ್ಟುಡಿಯೋದವರನ್ನು ಕರೆದು ಜಿಲ್ಲೆಯಿಂದ ಬಂದ ಅಧಿಕಾರಿಯೊಬ್ಬರು ಪಾಠ ಮಾಡಿದರು. ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ: ‘ಒಮ್ಮೆ ಶುರು ಮಾಡಿದ ರೆಕಾರ್ಡಿಂಗನ್ನು ಮಧ್ಯೆ ನಿಲ್ಲಿಸಬಾರದು.’ ವಿಡಿಯೋ ಜೊತೆಗೆ ನಾವು ಒಂದು ಸರ್ಟಿಫಿಕೇಟಿಗೆ ಸಹಿ ಹಾಕಬೇಕು, ಇದರಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ ಎಂದು. ನಮ್ಮ ಪಿಎಸ್‌ಐ ಹಿಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ತಮ್ಮದೇ ಹಳೆಯ ಫೋಟೋಗಳನ್ನು ನೋಡುತ್ತಿದ್ದರು.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನು ಬಂತು. ದಫೇದಾರ್, ಅಂದರೆ ಹೆಡ್ ಕಾನ್‌ಸ್ಟೆಬಲ್, ಹೇಳಿದ: ‘ಕಲ್ಲೇಶಣ್ಣ, ಅಜ್ಜಂಪುರ ರೋಡಿಗೆ ಬಂದ್ಬಿಡು. ಒಂದು ರೇಡ್ ಐತೆ. ದೊಡ್ಡ ಕ್ಯಾಮೆರಾನೇ ತಗೊಂಬಾ, ಸಾಹೇಬ್ರು ಪೇಪರಿಗೆ ಕೊಡ್ಬೇಕಂತೆ.’

ದಾಳಿ ನಡೆದದ್ದು ರಸ್ತೆ ಬದಿಯ ಹೊಂಗೆಮರದ ಕೆಳಗಿದ್ದ ಗಂಗಮ್ಮನ ಅಂಗಡಿಯ ಮೇಲೆ. ಟೀ, ಬನ್ನು, ಬಿಸ್ಕತ್ತು, ಬೀಡಿ ಬೆಂಕಿಪೊಟ್ಟಣ ಮಾರುವ ತಗಡಿನ ಪೆಟ್ಟಿಗೆ ಅಂಗಡಿ ಅದು. ಆ ಹೆಂಗಸಿಗೆ ಐವತ್ತರ ಹತ್ತಿರ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಅಲ್ಲಿ ಅಕ್ರಮವಾಗಿ ಮದ್ಯ ಮಾರುತ್ತಾರೆ ಎಂಬುದು ಪೊಲೀಸರ ಮಾತು. ಆ ದಾರಿಯಲ್ಲಿ ಮದುವೆ ಕೆಲಸಕ್ಕೆ ಓಡಾಡುವ ನಾನು ಅಲ್ಲಿ ನೂರು ಸಲ ಟೀ ಕುಡಿದಿದ್ದೇನೆ. ಮದ್ಯ ಮಾರುತ್ತಿದ್ದುದು ಅರ್ಧ ಮೈಲಿ ಮುಂದಿನ ಇನ್ನೊಂದು ಅಂಗಡಿಯಲ್ಲಿ. ಅದು ಊರಿಗೇ ಗೊತ್ತಿತ್ತು. ಹದಿನೈದು ದಿನದ ಹಿಂದೆ ಆ ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿದ್ದನ್ನೂ, ದಫೇದಾರ ಒಳಗಿನಿಂದ ಬಾಯಿ ಒರೆಸಿಕೊಂಡು ಬರುತ್ತಿದ್ದುದನ್ನೂ ಗಂಗಮ್ಮ ಫೋನಿನಲ್ಲಿ ಫೋಟೋ ಹೊಡೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಆಕೆ ಮಾಡಿದ ಅಪರಾಧ ಅದೊಂದೇ.

ನಾನು ಟ್ರೈಪಾಡ್ ನಿಲ್ಲಿಸಿ ರೆಕಾರ್ಡಿಂಗ್ ಶುರು ಮಾಡಿದೆ. ನನ್ನ ಕ್ಯಾಮೆರಾ ಓಡುವಾಗ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ದೀಪ ಉರಿಯುತ್ತದೆ. ಅದನ್ನು ಕಂಡರೆ ಮದುವೆ ಮನೆಯಲ್ಲಿ ಅಳುವವರೂ ಅಳು ನಿಲ್ಲಿಸಿ ಸೆರಗು ಸರಿ ಮಾಡಿಕೊಳ್ಳುತ್ತಾರೆ. ಅದಕ್ಕೇ ನಾನು ಬಹಳ ವರ್ಷದಿಂದ ಆ ದೀಪಕ್ಕೆ ಕರಿ ಟೇಪು ಅಂಟಿಸಿದ್ದೇನೆ. ಕ್ಯಾಮೆರಾ ಓಡುತ್ತಿದೆಯೋ ಇಲ್ಲವೋ ಎದುರಿಗಿದ್ದವರಿಗೆ ತಿಳಿಯುವುದಿಲ್ಲ.

ದಫೇದಾರ ಅಂಗಡಿಗೆ ನುಗ್ಗಿ ಡಬ್ಬಿಗಳನ್ನು ಕೆಳಗಿಳಿಸತೊಡಗಿದ. ಜೊತೆಗೆ ಇಬ್ಬರು ಪಂಚರಿದ್ದರು. ಪಂಚರು ಎಂದರೆ ನಡೆದದ್ದಕ್ಕೆ ಸಾಕ್ಷಿಯಾಗಿ ಸಹಿ ಹಾಕುವವರು. ಇವರು ನಡೆಯುವುದಕ್ಕೂ ಮೊದಲೇ ಸಹಿ ಹಾಕಿ ಮುಗಿಸಿ ಮರದ ನೆರಳಿನಲ್ಲಿ ಕೂತಿದ್ದರು. ಮಹಿಳಾ ಪೇದೆಯೊಬ್ಬಳು ಜೀಪಿನ ಪಕ್ಕ ನೆಲ ನೋಡುತ್ತ ನಿಂತಿದ್ದಳು.

ಗಂಗಮ್ಮ ಕೂಗಾಡಲಿಲ್ಲ. ಅಂಗಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಸೆರಗಿನಿಂದ ಕೈ ಒರೆಸಿಕೊಂಡು, ತನ್ನ ಫೋನು ತೆಗೆದು ಎತ್ತಿ ಹಿಡಿದಳು.

‘ನೀವ್ ಹುಡುಕ್ರಿ ಸ್ವಾಮಿ, ನಾನು ಬ್ಯಾಡ ಅನ್ನಲ್ಲ. ನಾನೂ ಹಿಡ್ಕಂತೀನಿ, ಅಷ್ಟೇಯ.’

ಪಿಎಸ್‌ಐ ಮುಖ ಕೆಂಪಾಯಿತು. ‘ಏಯ್, ಫೋನ್ ಕೆಳಗಿಡು! ಡ್ಯೂಟಿ ಮೇಲಿರೋ ಪೊಲೀಸರ ವಿಡಿಯೋ ಮಾಡೋಕೆ ನಿಂಗೆ ಯಾರು ಪರ್ಮಿಷನ್ ಕೊಟ್ರು?’

ಆಕೆ ನನ್ನ ಕಡೆ ಕೈ ತೋರಿಸಿದಳು. ‘ಆಯಣ್ಣಂಗೆ ಯಾರು ಕೊಟ್ರು?’

‘ನಾವು ಕೊಟ್ವಿ.’

‘ಹಂಗಾರೆ ಇದು ನನ್ನ ಅಂಗ್ಡಿ. ನಂಗೆ ನಾನೇ ಕೊಟ್ಕಂಡೆ.’

ಮರದ ಕೆಳಗಿನ ಪಂಚರಲ್ಲಿ ಒಬ್ಬ ಕಿಸಕ್ಕೆಂದ. ಆ ನಗುವೇ ಗಂಗಮ್ಮನ ಪಾಲಿಗೆ ಕೆಟ್ಟದ್ದಾಯಿತು ಎಂದು ಈಗಲೂ ನನಗನ್ನಿಸುತ್ತದೆ. ದಫೇದಾರ ಅಂಗಡಿಯಿಂದ ಹಾರಿ ಬಂದು, ‘ಅಫಿಷಿಯಲ್ ಸೀಕ್ರೆಟ್ ಆ್ಯಕ್ಟ್ ಹಾಕ್ತೀನಿ ನೋಡು ನಿಂಗೆ’ ಎಂದು ಫೋನು ಕಸಿದ. ಬನ್ನು ಬಿಸ್ಕತ್ತಿನ ಅಂಗಡಿಯಲ್ಲಿ ದೇಶದ ಯಾವ ರಹಸ್ಯ ಅಡಗಿತ್ತೋ! ಕಸಿದ ರಭಸಕ್ಕೆ ಫೋನು ಬಿದ್ದು ಗಾಜು ಸೀಳಿತು. ಅವನು ಎತ್ತಿಕೊಂಡು ಅದರಲ್ಲಿದ್ದುದನ್ನು ಅಳಿಸಿ ತನ್ನ ಜೇಬಿಗೆ ಹಾಕಿಕೊಂಡ. ಇಷ್ಟಾದರೂ ಆಕೆ ಅವನನ್ನು ಮುಟ್ಟಲಿಲ್ಲ. ಎರಡೂ ಕೈ ಗಾಳಿಯಲ್ಲಿ ಹಾಗೇ ಉಳಿದಿದ್ದವು.

ಶೋಧ ಮುಂದುವರಿಯಿತು. ಒಂಬತ್ತು ನಿಮಿಷದಲ್ಲಿ ಅಂಗಡಿ ಬರಿದಾಯಿತು. ಸಿಕ್ಕಿದ್ದು ಏನೂ ಇಲ್ಲ. ಪಿಎಸ್‌ಐ ನನ್ನ ಕಡೆ ತಿರುಗಿದರು.

‘ಏಯ್ ಸ್ಟುಡಿಯೋ, ಕಟ್ ಮಾಡು. ಇದು ಸರಿ ಬರಲಿಲ್ಲ. ಎರಡನೇ ಟೇಕ್ ತಗೊಳಣ.’

ಆಗಿನ ನನ್ನ ಸ್ಥಿತಿಯನ್ನು ದೊಡ್ಡದು ಮಾಡಿ ಬರೆಯಬಾರದು. ಅದು ಧೈರ್ಯವಲ್ಲ. ಹಿಂದೆ ಎಷ್ಟೋ ಸಲ ಅವರು ಕಟ್ ಎಂದಾಗ ನಾನು ಕಟ್ ಮಾಡಿದ್ದೇನೆ. ಅಂದು ಮಾತ್ರ ನೋಟ್ ಬುಕ್ಕಿನ ಸಾಲು ತಲೆಯಲ್ಲಿತ್ತು: ಮಧ್ಯೆ ನಿಲ್ಲಿಸಬಾರದು. ಹೇಳಿದವರು ಇವರಿಗಿಂತ ದೊಡ್ಡ ಅಧಿಕಾರಿ. ಕ್ಯಾಮೆರಾ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅವರು ಅದನ್ನೇ ‘ಕಟ್’ ಎಂದುಕೊಂಡರು. ದೀಪದ ಮೇಲೆ ಟೇಪು ಇತ್ತಲ್ಲ.

ದಫೇದಾರ ಜೀಪಿನ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದ. ನಲವತ್ತೆಂಟು ಮದ್ಯದ ಪ್ಯಾಕೆಟ್ಟು. ಗಂಗಮ್ಮನ ಎದುರಿಗೇ ಅದನ್ನು ಹಿಟ್ಟಿನ ಚೀಲದ ಹಿಂದೆ ಇಟ್ಟ. ಪಿಎಸ್‌ಐ ಬಾಚಣಿಗೆ ತೆಗೆದು ಜೀಪಿನ ಕನ್ನಡಿಯಲ್ಲಿ ನೋಡಿ ತಲೆ ಬಾಚಿಕೊಂಡರು. ಟೋಪಿ ಹಾಕಿಕೊಂಡರು. ‘ಹೂಂ, ಈಗ ಆನ್ ಮಾಡು’ ಎಂದರು. ನಾನು ಕ್ಯಾಮೆರಾದ ಹತ್ತಿರ ಹೋಗಿ ಏನನ್ನೋ ಒತ್ತಿದಂತೆ ಮಾಡಿದೆ. ದಫೇದಾರ ಎರಡನೇ ಸಲ ಹುಡುಕಿ, ‘ಸಾರ್! ಇಲ್ಲೈತೆ ಸಾರ್!’ ಎಂದು ಕೂಗಿದ. ನಾಟಕ ಕಂಪನಿಯಲ್ಲಿ ಆ ಮಟ್ಟದ ನಟನೆ ಮಾಡಿದ್ದರೆ ಜನ ಚಪ್ಪಲಿ ಎಸೆಯುತ್ತಿದ್ದರು.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಗೆಲ್ಲುತ್ತಿದ್ದರೇನೋ. ಆದರೆ ಆಸೆ ಬಿಡಬೇಕಲ್ಲ? ಪಿಎಸ್‌ಐ ತಮ್ಮ ಫೋನನ್ನು ಮಹಿಳಾ ಪೇದೆಯ ಕೈಗಿಟ್ಟು, ‘ಸ್ಟುಡಿಯೋ ಶೂಟ್ ಮಾಡ್ತಿರೋದು ಬರೋ ಹಂಗೆ ನಂದೊಂದು ತೆಗಿಯಮ್ಮ’ ಎಂದರು. ಪೆಟ್ಟಿಗೆಯ ಕಡೆ ಬೆರಳು ತೋರಿಸುತ್ತ ನಿಂತ ಪಿಎಸ್‌ಐ, ಅವರ ಹಿಂದೆ ಟ್ರೈಪಾಡಿನ ಮೇಲೆ ಬಗ್ಗಿದ ನಾನು. ಆ ಫೋಟೋ ಮಾರನೆಯ ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಬಂತು. ಕೆಳಗೆ ಬರೆದಿತ್ತು: ‘ಹೊಸ ಕಾನೂನಿನಂತೆ ವಿಡಿಯೋ ಚಿತ್ರೀಕರಣದೊಂದಿಗೆ ದಾಳಿ.’

ಗಂಗಮ್ಮನ ಮೇಲೆ ಎರಡು ಕೇಸು ಬಿದ್ದವು. ಒಂದು ಅಕ್ರಮ ಮದ್ಯ. ಇನ್ನೊಂದು, ಕರ್ತವ್ಯದ ಮೇಲಿದ್ದ ದಫೇದಾರನನ್ನು ತಳ್ಳಿ ಅಡ್ಡಿಪಡಿಸಿದಳು ಎಂದು. ಈ ಎರಡನೆಯದಕ್ಕೆ ಠಾಣೆಯಲ್ಲೇ ಜಾಮೀನು ಸಿಗುವುದಿಲ್ಲ. ಆಕೆಯನ್ನು ಜೈಲಿಗೆ ಕಳಿಸಿದರು. ಆರೋಪ ಸಾಬೀತಾದರೆ ಶಿಕ್ಷೆ, ಶಿಕ್ಷೆಯಾದರೆ ಆ ತಗಡಿನ ಅಂಗಡಿಯೂ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಪಿಎಸ್‌ಐ ಸ್ಟುಡಿಯೋಕ್ಕೆ ಬಂದರು. ಟೇಬಲ್ಲಿನ ಮೇಲೆ ಖಾಲಿ ಸರ್ಟಿಫಿಕೇಟ್ ಇಟ್ಟು, ‘ಎರಡನೇ ಟೇಕ್ ಮಾತ್ರ ಪೆನ್ ಡ್ರೈವಿಗೆ ಹಾಕು. ಸೈನ್ ಮಾಡು’ ಎಂದರು.

‘ಇದರಲ್ಲಿ, ಯಾವ ಬದಲಾವಣೆಯನ್ನೂ ಮಾಡಿಲ್ಲ ಅಂತ ಅಚ್ಚಾಗಿದೆ ಸಾರ್.’

‘ಅಚ್ಚಾಗಿದ್ದಕ್ಕೆಲ್ಲ ಅರ್ಥ ಹುಡುಕ್ತಾ ಕೂರ್ತೀಯಾ? ಎಷ್ಟು ಓದಿದೀಯಾ ನೀನು?’

‘ಎಂಟನೇ ಕ್ಲಾಸು ಸಾರ್. ಇದು ಅರ್ಥ ಆಗೋಕೆ ಅಷ್ಟು ಸಾಕು.’

ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ನಾನು ಮುಂದುವರಿಸಿದೆ: ‘ಎರಡನೇ ಟೇಕ್ ಅಂತ ಇಲ್ಲ ಸಾರ್. ಒಂದೇ ಟೇಕು. ಮೂವತ್ತೊಂದು ನಿಮಿಷ. ನಡುವೆ ನಿಲ್ಲಿಸಬಾರದು ಅಂತ ನಿಮ್ಮ ಮೇಲಿನವರೇ ಹೇಳಿಕೊಟ್ಟಿದ್ರಲ್ಲ.’

ಅವರ ಕೈ ತಾನಾಗಿ ಬಾಚಣಿಗೆಯ ಜೇಬಿಗೆ ಹೋಗಿ ಅಲ್ಲೇ ನಿಂತಿತು. ‘ಮೆಮೊರಿ ಕಾರ್ಡ್ ಕೊಡು.’

‘ಕೊಡ್ತೀನಿ. ವಶಕ್ಕೆ ತಗೊಂಡೆ ಅಂತ ಒಂದು ರಸೀದಿ ಬರೆದುಕೊಡಿ ಸಾರ್.’

ರಸೀದಿ ಬರೆದರೆ ಅಂಥದೊಂದು ಕಾರ್ಡು ಇದೆ ಎಂದು ಒಪ್ಪಿಕೊಂಡಂತೆ. ಅಷ್ಟು ಬುದ್ಧಿ ಅವರಿಗಿತ್ತು. ‘ಈ ತಾಲ್ಲೂಕಲ್ಲಿ ನೀನು ಹೆಂಗೆ ಕ್ಯಾಮೆರಾ ಹಿಡೀತೀಯ ನೋಡ್ತೀನಿ’ ಎಂದು ಎದ್ದು ಹೋದರು. ಹೊರಟು ನಿಂತಾಗ ಬಾಗಿಲ ಪಕ್ಕದ ಕನ್ನಡಿಯನ್ನು ಒಮ್ಮೆ ನೋಡಿಕೊಂಡರು. ಅಷ್ಟು ಕೋಪದಲ್ಲೂ!

ಪಕ್ಕದ ಸ್ಟುಡಿಯೋದ ಗೆಳೆಯ ಗೋಡೆಯ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ. ‘ನಿಂಗ್ಯಾಕೋ ಬೇಕಿತ್ತು? ಕತ್ತರಿಸಿ ಕೊಟ್ಟು ಕೈ ತೊಳ್ಕಳೋದಲ್ವೇನೋ? ಅವಳೇನು ನಿನ್ನ ಬೀಗಿತ್ತಿಯಾ?’ ಎಂದ. ಊರಿನಲ್ಲಿ ಇಂಥ ಬುದ್ಧಿವಂತರಿಗೆ ಬರವಿಲ್ಲ. ಪೊಲೀಸರ ಲಾಠಿಗಿಂತ ಹೆಚ್ಚು ಕೆಲಸ ಮಾಡುವುದು ಇವರ ಬುದ್ಧಿವಾದವೇ. ಆದರೆ ನನ್ನನ್ನೂ ನಾನು ಬಿಡುವುದಿಲ್ಲ. ಕಾರ್ಡನ್ನು ಕವರಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆನೇ ಹೊರತು, ಐದು ದಿನ ಯಾರ ಬಳಿಗೂ ನಾನಾಗಿ ಹೋಗಲಿಲ್ಲ. ಆ ಐದು ದಿನವೂ ಗಂಗಮ್ಮ ಜೈಲಿನಲ್ಲಿದ್ದಳು. ಇದನ್ನು ಬರೆಯದೆ ಬಿಟ್ಟರೆ ನಾನೂ ಎರಡನೇ ಟೇಕ್ ಕೊಟ್ಟವನಾಗುತ್ತೇನೆ.

ಆರನೆಯ ದಿನ ಗಂಗಮ್ಮನ ವಕೀಲರು ಪತ್ರಿಕೆಯ ತುಂಡು ಹಿಡಿದು ಹುಡುಕಿಕೊಂಡು ಬಂದರು. ತರೀಕೆರೆ ಕೋರ್ಟಿನಲ್ಲಿ ಓಡಾಡುವ ಚಿಕ್ಕ ವಯಸ್ಸಿನವರು.

‘ಈ ಫೋಟೋದಲ್ಲಿ ಬಗ್ಗಿರೋರು ನೀವೇ ಅಲ್ವಾ ಅಣ್ಣ?’

‘ಹೌದು.’

‘ಪೊಲೀಸರು ಕೋರ್ಟಿಗೆ ಏನು ಬರೆದಿದಾರೆ ಗೊತ್ತಾ? ವಿಡಿಯೋ ಆಗಲಿಲ್ಲ, ಫೋಟೋಗ್ರಾಫರ್ ಕ್ಯಾಮೆರಾ ಕೆಟ್ಟಿತ್ತು ಅಂತ.’

ನನಗೆ ಅಲ್ಲಿಯವರೆಗೆ ಭಯವಿತ್ತು. ಈ ಮಾತು ಕೇಳಿದ ಮೇಲೆ ಅದು ಹೋಯಿತು. ನನ್ನ ಕ್ಯಾಮೆರಾ ಕೆಟ್ಟಿತ್ತಂತೆ! ಇಪ್ಪತ್ತಾರು ವರ್ಷದಲ್ಲಿ ಒಂದು ತಾಳಿ ಕಟ್ಟುವುದನ್ನೂ ತಪ್ಪಿಸದ ಕೈ ಇದು. ಜಡಿಮಳೆಯಲ್ಲಿ ಕೊಡೆ ಹಿಡಿಸಿಕೊಂಡು ಕೆಲಸ ಮಾಡಿದ್ದೇನೆ, ಜ್ವರದಲ್ಲಿ ಮಾಡಿದ್ದೇನೆ. ಸಮನ್ಸ್ ಬಂದರೆ ಕಾರ್ಡ್ ತರುತ್ತೇನೆ ಎಂದೆ.

ಅವರು ಹೊರಡುವ ಮುಂಚೆ ಒಂದು ಕೇಳಿದೆ. ‘ಹೆಂಗಸು ಫೋನು ಹಿಡಿದಿದ್ದು ತಪ್ಪೇನು ಸಾರ್, ಕಾನೂನಲ್ಲಿ?’

‘ಸಾರ್ವಜನಿಕ ಜಾಗದಲ್ಲಿ, ಅವರ ಕೆಲಸಕ್ಕೆ ಅಡ್ಡ ನಿಲ್ಲದೆ ಪೊಲೀಸರನ್ನ ಚಿತ್ರೀಕರಿಸಬಾರದು ಅಂತ ಯಾವ ಕಾನೂನೂ ಇಲ್ಲಣ್ಣ. ಅವರು ಜನರ ಕೆಲಸಕ್ಕೆ ಬಂದಿರೋರು, ಜನ ನೋಡಬಹುದು. ಕಣ್ಣಲ್ಲಿ ನೋಡೋದಕ್ಕಿಲ್ಲದ ಪರ್ಮಿಷನ್ ಫೋನಲ್ಲಿ ನೋಡೋದಕ್ಕೆ ಯಾಕೆ?’

ಎಷ್ಟು ಸರಳ! ನಾನು ಇಪ್ಪತ್ತಾರು ವರ್ಷ ಅವರ ಅಪ್ಪಣೆಯಿಂದ ಮಾತ್ರ ಅವರನ್ನು ನೋಡಿದ್ದೆ.

ಜಾಮೀನು ಅರ್ಜಿಯ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟರು ಪತ್ರಿಕೆಯ ಫೋಟೋ ನೋಡಿ ನನಗೆ ಸಮನ್ಸ್ ಕಳಿಸಿದರು. ಅವರು ಹೆಂಗಸು, ಮಿತಭಾಷಿ. ಸೀಲ್ ಮಾಡಿದ ಕವರು, ಸಹಿ ಹಾಕಿದ ಸರ್ಟಿಫಿಕೇಟು ಒಪ್ಪಿಸಿದೆ. ಲ್ಯಾಪ್‌ಟಾಪಿನಲ್ಲಿ ಹಾಕಿದರು. ಪಿಎಸ್‌ಐ ಒಂದು ಕಡೆ, ದಫೇದಾರ ಅವರ ಹಿಂದೆ ನಿಂತಿದ್ದರು. ಗಂಗಮ್ಮ ಇನ್ನೊಂದು ಕಡೆ, ಜೈಲಿನಿಂದ ಕರೆತಂದವರ ಜೊತೆ. ಹತ್ತು ದಿನದಲ್ಲಿ ಆಕೆಯ ಮುಖ ಬತ್ತಿ ಹೋಗಿತ್ತು.

ಫೋನು ಕಸಿದದ್ದು ಬಂತು. ಗಾಳಿಯಲ್ಲಿ ಉಳಿದ ಎರಡು ಕೈ ಬಂತು. ‘ಕಟ್ ಮಾಡು, ಎರಡನೇ ಟೇಕ್’ ಎಂಬ ದನಿ ಸ್ಪಷ್ಟವಾಗಿ ಬಂತು. ನನ್ನ ಮೈಕು ಅಗ್ಗದ್ದಲ್ಲ. ಜೀಪಿನಿಂದ ಪೆಟ್ಟಿಗೆ ಬಂತು. ಮ್ಯಾಜಿಸ್ಟ್ರೇಟರು ಅಲ್ಲಿ ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಇದರಲ್ಲಿ ತಲೆ ಬಾಚಿಕೊಳ್ತಿರೋರು ಯಾರು?’

ಪಿಎಸ್‌ಐ ಒಂದು ಹೆಜ್ಜೆ ಮುಂದೆ ಬಂದರು. ಜೀವಮಾನವಿಡೀ ಫೋಟೋದಲ್ಲಿ ತಾನು ಕಾಣಬೇಕು ಎಂದು ಒದ್ದಾಡಿದ ಮನುಷ್ಯ, ಅಂದು ಮಾತ್ರ ಅದು ತಾನಲ್ಲ ಎನ್ನಲು ಏನನ್ನಾದರೂ ಕೊಡುತ್ತಿದ್ದರು. ‘ನಾನೇ, ಮೇಡಂ’ ಎಂದರು. ಅಷ್ಟು ಸಣ್ಣ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಗಂಗಮ್ಮನಿಗೆ ಅಂದೇ ಜಾಮೀನಾಯಿತು. ಮುಂದೆ ಎರಡೂ ಕೇಸಿಗೆ ‘ಬಿ ರಿಪೋರ್ಟ್’ ಹಾಕಿದರು, ಅಂದರೆ ಆರೋಪದಲ್ಲಿ ಹುರುಳಿಲ್ಲ ಎಂದು ಪೊಲೀಸರೇ ಬರೆದುಕೊಟ್ಟು ಮುಚ್ಚುವುದು. ಸುಳ್ಳು ಕೇಸು ಹಾಕಿದವರಿಗೆ ಇಲಾಖಾ ವಿಚಾರಣೆ ಎಂದರು. ಅದು ಇನ್ನೂ ನಡೆಯುತ್ತಲೇ ಇದೆಯಂತೆ. ಪಿಎಸ್‌ಐಗೆ ವರ್ಗವಾಯಿತು. ಅದನ್ನು ಶಿಕ್ಷೆ ಎನ್ನುವುದಾದರೆ, ಇನ್ನೊಂದು ಊರಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವ ಶಿಕ್ಷೆ. ದಫೇದಾರ ಅಲ್ಲೇ ಉಳಿದ. ಠಾಣೆಯಿಂದ ನನಗೆ ಮತ್ತೆ ಫೋನು ಬರಲಿಲ್ಲ. ಈಗ ಅವರೇ ತಮ್ಮ ಫೋನಿನಲ್ಲಿ ಚಿತ್ರೀಕರಿಸುತ್ತಾರಂತೆ. ಫ್ರೇಮು ಓರೆಯಂತೆ.

ಹೋದ ತಿಂಗಳು ಅಜ್ಜಂಪುರದಲ್ಲಿ ಒಂದು ಮದುವೆ ಮುಗಿಸಿ ಅದೇ ದಾರಿಯಲ್ಲಿ ಬರುವಾಗ ಗಂಗಮ್ಮನ ಅಂಗಡಿಯಲ್ಲಿ ಟೀಗೆ ನಿಂತೆ. ಕೋರ್ಟು ವಾಪಸ್ ಕೊಡಿಸಿದ ಅದೇ ಫೋನು ಬಿಸ್ಕತ್ತಿನ ಭರಣಿಗೆ ಒರಗಿ ನಿಂತಿತ್ತು. ಗಾಜಿನ ಸೀಳು ಹಾಗೇ ಇತ್ತು.

‘ಗಾಜು ಹಾಕ್ಸಲ್ವೇನಮ್ಮ?’ ಎಂದೆ.

‘ಯಾಕಣ್ಣಾ? ಕಣ್ಣು ನೆಟ್ಟಗೈತೆ. ಮಖ ಒಡೆದ್ರೆ ಒಡೀಲಿ.’

ಅಷ್ಟರಲ್ಲಿ ಜೀಪು ಬಂದು ನಿಂತಿತು. ದಫೇದಾರ ಇಳಿದ. ಗಂಗಮ್ಮ ಟೀ ಸೋಸುವುದನ್ನು ನಿಲ್ಲಿಸದೆ ಎಡಗೈಯಲ್ಲಿ ಫೋನಿನ ಗುಂಡಿ ಒತ್ತಿದಳು. ಅವನು ಅದನ್ನು ನೋಡಿದ. ಆಮೇಲೆ, ಹಳೆಯ ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಬೆಲ್ಟು ಮೇಲಕ್ಕೆಳೆದು ಹೊಟ್ಟೆ ಒಳಗೆ ಸೆಳೆದುಕೊಂಡು ನಿಂತ. ‘ಒಂದ್ ಟೀ ಕೊಡಮ್ಮ’ ಎಂದ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಕ್ಯಾಮೆರಾ ಆನ್ ಮಾಡು ಎನ್ನುವವನು ತನ್ನ ಮುಖವನ್ನು ತೋರಿಸಬೇಕೆನ್ನುತ್ತಾನೆ. ಆಫ್ ಮಾಡು ಎನ್ನುವವನು ತನ್ನ ಕೈಯನ್ನು ಮುಚ್ಚಿಡಬೇಕೆನ್ನುತ್ತಾನೆ. ಅಂಥವನು ಎದುರಾದರೆ ಮಾತಿಗೆ ನಿಲ್ಲಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಅವನ ಕೈ ಫ್ರೇಮಿನ ಒಳಗೆ ಬರುವಂತೆ ನೋಡಿಕೊಳ್ಳಿ.